ತೊಳೆಯುವ ಮೊದಲು ನೋಡಬೇಕು

ಹೊಸಪೇಟೆಯಿಂದ ಸಂಡೂರಿನ ಕಡೆಗೆ ಹೊರಟರೆ ರಸ್ತೆ ಬದಿಯ ಮರಗಳೂ ಕೆಂಪು, ಗೋಡೆಗಳೂ ಕೆಂಪು. ಅದಿರು ಲಾರಿಗಳ ದಾರಿ ಇದು. ಇಲ್ಲಿನ ಗ್ಯಾರೇಜೊಂದರ ತಗಡಿನ ಚಾವಣಿಯಡಿ ಟಾಟಾ 697 ಎಂಜಿನ್ ಬಿಚ್ಚಿಕೊಂಡು ಕೂತಿದೆ: ಆರು ಸಿಲಿಂಡರ್, 97 ಮಿ.ಮೀ. ಬೋರ್, 128 ಮಿ.ಮೀ. ಸ್ಟ್ರೋಕ್, ಜೊತೆಗೆ ಟರ್ಬೊ. ಫುಲ್ ಎಂಜಿನ್ ಕೆಲಸ ಮುಗಿದು ವರ್ಷವೂ ತುಂಬಿಲ್ಲ. ಲೈನರ್, ಪಿಸ್ಟನ್, ರಿಂಗು, ಬೇರಿಂಗು ಎಲ್ಲ ಹೊಸದಾಗಿ ಹಾಕಿದ್ದವು. ಲಕ್ಷಾಂತರ ಕಿಲೋಮೀಟರ್ ಓಡಬೇಕಿದ್ದ ಎಂಜಿನ್ ಈಗಲೇ ಆಯಿಲ್ ಕುಡಿಯುತ್ತಿದೆ, ನೀಲಿ ಹೊಗೆ ಬಿಡುತ್ತಿದೆ, ಘಾಟಿಯಲ್ಲಿ ಎಳೆಯುತ್ತಿಲ್ಲ. ಬ್ರೀದರ್ ಪೈಪಿನಲ್ಲಿ ಬುಸುಗುಡುವ ಹೊಗೆ ನೋಡಿದ ಡ್ರೈವರುಗಳೆಲ್ಲ ಹೇಳಿದ್ದು ಒಂದೇ: ಬ್ಯಾಕ್ ಕಂಪ್ರೆಷನ್.

ಲಾರಿಯ ಮಾಲೀಕನೇ ಅದರ ಡ್ರೈವರ್. ಗಾಡಿ ನಿಂತರೂ ಕಂತು ನಿಲ್ಲುವುದಿಲ್ಲ. ಹೋನಿಂಗ್ ಮಾಡಿಕೊಟ್ಟ ಲೇತಿನವನ ಮೇಲೆ ಅವನಿಗೆ ಸಿಟ್ಟು. ರಿಂಗ್ ಡೂಪ್ಲಿಕೇಟ್ ಇರಬೇಕೆಂದು ಪಕ್ಕದವರ ಗುಮಾನಿ. ಹಿರಿಯ ಮೇಸ್ತ್ರಿ ಯಾರ ಮಾತಿಗೂ ಹೂಂಗುಟ್ಟುವುದಿಲ್ಲ. ಹುಡುಗ ಪಿಸ್ಟನ್ನುಗಳನ್ನು ಡೀಸೆಲ್ ಟ್ರೇಯಲ್ಲಿ ಅದ್ದಲು ಹೊರಟಾಗ ಮಾತ್ರ ಅವರ ದನಿ ಏರುತ್ತದೆ: "ತೊಳಿಬ್ಯಾಡ! ಮೊದ್ಲು ನೋಡೋಣ."

ಅವರ ಹೆಬ್ಬೆರಳಿನ ಉಗುರು ಲೈನರಿನ ಒಳಗೋಡೆಯ ಮೇಲೆ ನಿಧಾನವಾಗಿ ಏರುತ್ತದೆ. ಕೆಳಭಾಗದಲ್ಲಿ ಹೋನಿಂಗ್‌ನ ಓರೆಗೆರೆಗಳು ಇನ್ನೂ ಸ್ಪಷ್ಟ. ಮೇಲೇರಿದಂತೆ ಅವು ಮಾಸಿ, ನೇರ ಗೀರುಗಳು ಶುರುವಾಗುತ್ತವೆ. ಮೊದಲ ರಿಂಗು ತಿರುಗಿ ಕೆಳಗಿಳಿಯುವ ಜಾಗದಲ್ಲಿ ಉಗುರು ಟಕ್ಕೆಂದು ತಡೆಯುತ್ತದೆ. ಅಲ್ಲೊಂದು ಮೆಟ್ಟಿಲು ಬಿದ್ದಿದೆ.

ಮುಂದಿನ ಪರೀಕ್ಷೆ ರಿಂಗುಗಳದ್ದು. ಮೇಲಿನ ರಿಂಗನ್ನು ಲೈನರಿನ ಸವೆಯದ ಕೆಳಭಾಗದಲ್ಲಿ ಕೂರಿಸಿ, ಪಿಸ್ಟನ್ನಿನಿಂದ ಒತ್ತಿ ಸಮ ಮಾಡಿ, ಅದರ ಬಾಯಿಗೆ ಫೀಲರ್ ಗೇಜ್ ತೂರಿಸುತ್ತಾರೆ. ರಿಂಗಿನ ಮುಖ ಸುತ್ತಲೂ 0.1 ಮಿ.ಮೀ. ಸವೆದರೆ ಬಾಯಿ 0.6 ಮಿ.ಮೀ.ಗೂ ಹೆಚ್ಚು ಅಗಲವಾಗುತ್ತದೆ. ಹಾಗಾಗಿ ಕಣ್ಣಿಗೆ ಕಾಣದ ಸವೆತವೂ ಇಲ್ಲಿ ಸಿಕ್ಕಿಬೀಳುತ್ತದೆ. ಒಂದರ ಮೇಲೊಂದು ಪಟ್ಟಿ ಸೇರಿಸಿದರೂ ಗೇಜ್ ಸಡಿಲವಾಗಿಯೇ ಓಡಾಡುತ್ತದೆ. ಅದೇ ಪಿಸ್ಟನ್ನಿನ ಆಯಿಲ್ ರಿಂಗು ಮಾತ್ರ ಹೆಚ್ಚು ಸವೆದಿಲ್ಲ. ಬೇರಿಂಗ್ ಶೆಲ್ಲುಗಳನ್ನು ಬೆಳಕಿಗೆ ಹಿಡಿದರೆ ಅವುಗಳ ಮೈಯಲ್ಲಿ ಹೇಳಿಕೊಳ್ಳುವಂಥ ಗೀರಿಲ್ಲ.

ಲೇತಿನವನ ಮೇಲಿನ ಆರೋಪ ಇಲ್ಲಿಗೆ ಬಿದ್ದುಹೋಗುತ್ತದೆ. ಹೋನಿಂಗ್ ಆದ ಬ್ಲಾಕನ್ನು ಬಿಸಿ ಸೋಪುನೀರಲ್ಲಿ ಉಜ್ಜಿ ತೊಳೆಯದಿದ್ದರೆ ಕಲ್ಲಿನ ಪುಡಿ ಗೀರುಗಳಲ್ಲೇ ಉಳಿಯುತ್ತದೆ, ಆಯಿಲ್ ಜೊತೆ ಸುತ್ತಿ ಬೇರಿಂಗನ್ನೂ ಆಯಿಲ್ ರಿಂಗನ್ನೂ ತಿನ್ನುತ್ತದೆ. ಇಲ್ಲಿ ಕೇಡು ಮೇಲಿನಿಂದ ಇಳಿದಿದೆ. ಅಂದರೆ ಗಾಳಿಯ ದಾರಿಯಲ್ಲಿ ದೂಳು ನುಗ್ಗಿದೆ. ದೂಳಿನಲ್ಲಿರುವ ಸಿಲಿಕಾ ಎರಕದ ಕಬ್ಬಿಣಕ್ಕಿಂತ ಗಟ್ಟಿ. ಲೈನರಿನ ಆಯಿಲ್ ಪದರಕ್ಕೆ ಅದು ಬೆರೆತರೆ ಪಿಸ್ಟನ್ ಪ್ರತಿ ಸಲ ಏರಿಳಿದಾಗಲೂ ಸಾಣೆ ಹಿಡಿದಂತೆಯೇ.

ಟರ್ಬೊ ಬಿಚ್ಚಿದರೆ ಗಾಳಿ ಎಳೆಯುವ ಚಕ್ರದ ರೆಕ್ಕೆಗಳ ಅಂಚೂ ಸವೆದಿದೆ. ಏರ್ ಫಿಲ್ಟರಿನೊಳಗೆ ಬಲ್ಬ್ ಇಳಿಸಿ ನೋಡುತ್ತಾರೆ, ಕಾಗದ ಎಲ್ಲೂ ತೂತಾಗಿಲ್ಲ. ಹಾಗಾದರೆ ದೂಳು ಹೊಕ್ಕಿದ್ದು ಫಿಲ್ಟರ್ ದಾಟಿದ ಮೇಲೆ. ಫಿಲ್ಟರಿನಿಂದ ಟರ್ಬೊಗೆ ಬರುವ ರಬ್ಬರ್ ಹೋಸನ್ನು ಮೇಸ್ತ್ರಿ ಕಳಚಿ, ಬಿಳಿ ಬಟ್ಟೆ ಸುತ್ತಿದ ಬೆರಳನ್ನು ಒಳಗೆ ಆಡಿಸುತ್ತಾರೆ. ಬಟ್ಟೆ ಕೆಂಪಗೆ ಹೊರಬರುತ್ತದೆ. ಹೋಸನ್ನು ಬಗ್ಗಿಸಿದರೆ ಅಡಿಭಾಗದಲ್ಲಿ, ಕ್ಲಾಂಪಿನ ಮಗ್ಗುಲಲ್ಲೇ, ಬೆರಳುದ್ದದ ಬಿರುಕು ಬಾಯ್ತೆರೆಯುತ್ತದೆ. ಟರ್ಬೊ ಆಚೆಗಿನ ಪೈಪು ಒಡೆದಿದ್ದರೆ ಒತ್ತಡದ ಗಾಳಿ ಹೊರಕ್ಕೆ ಸಿಳ್ಳೆ ಹಾಕಿ ಗುಟ್ಟು ಬಿಟ್ಟುಕೊಡುತ್ತಿತ್ತು. ಈಚೆಗಿನದು ಎಳೆತದ ದಾರಿ. ಬಿರುಕು ಬಿಟ್ಟರೆ ಸದ್ದಿಲ್ಲದೆ ದೂಳನ್ನು ಒಳಗೆಳೆಯುತ್ತದೆ.

ಮಾಲೀಕ ಹೋಸನ್ನು ಕೈಗೆ ತೆಗೆದುಕೊಂಡು ತಿರುಗಿಸಿ ತಿರುಗಿಸಿ ನೋಡುತ್ತಾನೆ. ಎಂಜಿನ್ ಕೆಲಸದ ಲೆಕ್ಕದಲ್ಲಿ ಇದರ ಬೆಲೆ ಏನೇನೂ ಅಲ್ಲ. ಕಳೆದ ಸಲ ಎಲ್ಲ ಹೊಸದು ಹಾಕಿದವರು ಹಳೆಯದೆಂದು ಉಳಿಸಿದ್ದು ಇದೊಂದನ್ನೇ. ಕೆಟ್ಟದ್ದನ್ನು ಬದಲಿಸಲು ಸ್ಪ್ಯಾನರ್ ಸಾಕು, ಕೆಡಿಸಿದ್ದನ್ನು ಹಿಡಿಯಲು ತಾಳ್ಮೆ ಬೇಕು. ಆ ತಾಳ್ಮೆ ಇಲ್ಲದ ಕಡೆ ದುಡಿಯುವವನ ಸಾಲ ಎರಡೆರಡು ಸಲ ಎಂಜಿನ್ನಿಗೇ ಸುರಿದುಹೋಗುತ್ತದೆ. ಮೇಸ್ತ್ರಿ ಚೀಟಿ ಹಿಡಿದು ಸಾಮಾನಿನ ಪಟ್ಟಿ ಬರೆಸುತ್ತಾರೆ: ಮೊದಲ ಸಾಲಿಗೆ ಹೋಸು, ಎರಡು ಕ್ಲಾಂಪು. ಲೈನರ್ ಸೆಟ್ಟು ಅದರ ಕೆಳಗೆ.