ಕದಿರಿಗೆ ಸುತ್ತಿದ ವಂಶಸೂತ್ರ

ಆಳಂದ, ಅಫಜಲಪುರ, ಜೇವರ್ಗಿಗಳ ಹೊಲಗಳಲ್ಲಿ ಬೆಳೆಯುವ ತೊಗರಿಯ ಬೇರಿನಲ್ಲಿಯೂ ಹೂವಿನಲ್ಲಿಯೂ ಇರುವ ವಂಶಸೂತ್ರವು ಒಂದೇ. ಹಾಗಿದ್ದರೂ ಬೇರು ಹೂವಾಗದಿರುವುದೇಕೆ? ಕದಿರಿಗೆ ನೂಲು ಸುತ್ತಿದಂತೆ ಆ ಸೂತ್ರವು ಹಿಸ್ಟೋನ್ ಎಂಬ ಪ್ರೋಟೀನುಗಳಿಗೆ ಸುತ್ತಿಕೊಂಡಿರುತ್ತದೆ. ಬಿಗಿಯಾದ ಭಾಗವು ಬಹುಮಟ್ಟಿಗೆ ಮೌನವಾಗಿರುವುದು, ಸಡಿಲವಾದುದು ಕೆಲಸಮಾಡುವುದು. ಮಾನವನ ಒಂದೊಂದು ಜೀವಕಣದಲ್ಲಿ ಸುಮಾರು 2 ಮೀಟರು ನೂಲು ಹೀಗೆ ಅಡಗಿದೆ!

ಮೈಸೂರಿನಲ್ಲಿ 1948ರಲ್ಲಿ ಜನಿಸಿ 2023ರಲ್ಲಿ ಅಗಲಿದ ಡಾಕ್ಟರ್ ಎಂ. ಆರ್. ಎಸ್. ರಾವ್ ಅವರು ಬೆಂಗಳೂರಿನಲ್ಲಿ ಈ ಸುತ್ತಿನ ಮರ್ಮವನ್ನೇ ಶೋಧಿಸಿದರು. ಇಲಿಗಳಲ್ಲಿ ಪುರುಷಬೀಜವು ಪಕ್ವವಾಗುವಾಗ ಹಿಸ್ಟೋನುಗಳು ತೊಲಗಿ, ನಡುವೆ ಬೇರೆ ಪ್ರೋಟೀನುಗಳು ಬಂದು, ಕಡೆಗೆ ಪ್ರೋಟಮೀನುಗಳು ನೆಲಸುವ ಕ್ರಮವನ್ನು ಬಹುಕಾಲ ಪರೀಕ್ಷಿಸಿದರು. ಮನುಷ್ಯರಲ್ಲಿ ಈ ಕ್ರಮವು ಕೆಟ್ಟರೆ ಗಂಡಸಿನ ಸಂತಾನಶಕ್ತಿಯು ಕುಂದಬಹುದು (ಸೊಸೆಯನ್ನೇ ಬಂಜೆಯೆಂದು ಹಳಿಯುವ ಮನೆಗಳವರು ಇದನ್ನರಿಯರು). 2010ರಲ್ಲಿ ಅವರಿಗೆ ಪದ್ಮಶ್ರೀ ದೊರೆಯಿತು.