ಲೆಕ್ಕದಲ್ಲಿ ಅರಳುವ ಹೊಲಿಗೆ

ಚಿತ್ರ ಬರೆಯಲು ಬಾರದವರಿಗೂ ಒಲಿಯುವ ಕಸೂತಿ ಒಂದಿದೆ. ಅದರಲ್ಲಿ ಬಟ್ಟೆಯ ಮೇಲೆ ಪೆನ್ಸಿಲ್ ಗೆರೆ ಇರುವುದಿಲ್ಲ, ಕಾರ್ಬನ್ ಹಾಳೆಯಿಂದ ಇಳಿಸಿದ ಹೂಬಳ್ಳಿಯೂ ಇರುವುದಿಲ್ಲ. ಪಕ್ಕದಲ್ಲಿ ಚೌಕುಳಿ ಹಾಳೆಯ ನಕ್ಷೆ, ಕೈಯಲ್ಲಿ ಖಾಲಿ ಬಟ್ಟೆ. ನಕ್ಷೆಯ ಒಂದೊಂದು ಚೌಕಕ್ಕೆ ಬಟ್ಟೆಯಲ್ಲಿ ಒಂದೊಂದು ಗುಣಾಕಾರದ ಹೊಲಿಗೆ ಹಾಕುತ್ತಾ ಹೋದರೆ ಗಿಳಿಯೋ ಗುಲಾಬಿಯೋ ಮೂಡುತ್ತದೆ. ಎಣಿಸಿ ಹಾಕುವ ಈ ಕ್ರಾಸ್ ಸ್ಟಿಚ್ ಹತ್ತರವರೆಗೆ ಎಣಿಸಬಲ್ಲ ಯಾರಿಗಾದರೂ ಬರುತ್ತದೆ ಎಂದು ಧೈರ್ಯವಾಗಿ ಹೇಳುತ್ತೇನೆ. ಶುರು ಮಾಡಿದವರು ಅರ್ಧಕ್ಕೆ ಬಿಡುವುದು ಬಹುಪಾಲು ಮೊದಲ ದಿನ ಅಂಗಡಿಯಲ್ಲಿ ತಪ್ಪು ಬಟ್ಟೆ, ಅತಿ ದೊಡ್ಡ ಚಿತ್ರ ಆರಿಸಿಕೊಂಡಿದ್ದರಿಂದ. ಹಾಗಾಗಿ ಸೂಜಿ ಹಿಡಿಯುವ ಮೊದಲಿನ ಮಾತನ್ನೇ ಸ್ವಲ್ಪ ಹೆಚ್ಚು ಆಡಬೇಕಿದೆ.

ಇದಕ್ಕೆ ಬೇಕಾದದ್ದು ಐಡಾ ಬಟ್ಟೆ. ನೂಲುಗಳನ್ನು ಗುಂಪುಗುಂಪಾಗಿ ನೇಯ್ದಿರುವುದರಿಂದ ಇದರಲ್ಲಿ ಪುಟ್ಟ ಚೌಕಗಳೂ ಅವುಗಳ ನಾಲ್ಕು ಮೂಲೆಗೆ ತೂತುಗಳೂ ಸ್ಪಷ್ಟವಾಗಿ ಕಾಣುತ್ತವೆ. ಒಂದು ಇಂಚಿಗೆ ಎಷ್ಟು ಚೌಕ ಎಂಬುದೇ ಅದರ ಕೌಂಟ್. 11, 14, 16, 18 ಹೀಗೆ ಸಿಗುತ್ತದೆ. ಸಂಖ್ಯೆ ಹೆಚ್ಚಿದಷ್ಟೂ ಹೊಲಿಗೆ ಚಿಕ್ಕದು, ಕಣ್ಣಿಗೆ ಶ್ರಮ. ಹೊಸಬರು 14 ಕೌಂಟ್‌ನಿಂದ ಶುರು ಮಾಡಲಿ. ಚಾಳೀಸು ಬಂದವರಿಗೆ 11 ಇನ್ನೂ ಹಿತ. ನಮ್ಮ ಅಂಗಡಿಗಳಲ್ಲಿ ಮ್ಯಾಟಿ ಬಟ್ಟೆ ಎಂದು ಸಿಗುವುದನ್ನೂ ಬಳಸಬಹುದು. ಆದರೆ ಕೊಳ್ಳುವಾಗ ಅಳತೆ ಟೇಪು ಇಟ್ಟು ಅಡ್ಡಕ್ಕೊಂದು ಇಂಚು, ಉದ್ದಕ್ಕೊಂದು ಇಂಚು ಎಣಿಸಿ ನೋಡಿ. ಎರಡೂ ಲೆಕ್ಕ ಒಂದೇ ಬರದಿದ್ದರೆ ನಕ್ಷೆಯಲ್ಲಿ ದುಂಡಗಿರುವ ಚಂದ್ರ ಬಟ್ಟೆಯಲ್ಲಿ ಮೊಟ್ಟೆಯಾಗುತ್ತಾನೆ.

ಎಷ್ಟು ಬಟ್ಟೆ ಬೇಕೆಂಬುದು ಭಾಗಾಕಾರದ ಲೆಕ್ಕ. ನಕ್ಷೆ ಅಗಲಕ್ಕೆ 70, ಎತ್ತರಕ್ಕೆ 98 ಚೌಕ ಇದೆ ಎನ್ನಿ. 14 ಕೌಂಟ್ ಬಟ್ಟೆಯಲ್ಲಿ ಅದು 5 ಇಂಚು ಅಗಲ, 7 ಇಂಚು ಎತ್ತರದ ಚಿತ್ರ. ಸುತ್ತಲೂ ಮೂರು ಮೂರು ಇಂಚು ಬಿಟ್ಟರೆ 11ಕ್ಕೆ 13 ಇಂಚಿನ ತುಂಡು. ಈ ಅಂಚಿನಲ್ಲಿ ಜಿಪುಣತನ ಬೇಡ. ಕಡೆಗೆ ಚೌಕಟ್ಟು ಹಾಕುವವರು ಬಟ್ಟೆ ಎಳೆದು ಬಿಗಿಯುವುದು ಅದನ್ನು ಹಿಡಿದೇ.

ಸೂಜಿ ಮೊಂಡು ತುದಿಯದು, ಟ್ಯಾಪೆಸ್ಟ್ರಿ ಸೂಜಿ, 24ನೇ ನಂಬರ್. ಮೊನಚು ಸೂಜಿ ತೂತನ್ನು ಬಿಟ್ಟು ನೂಲನ್ನೇ ಸೀಳುತ್ತದೆ. ದಾರ ಹತ್ತಿಯದೇ ಇರಲಿ. ಆಂಕರ್, ಡಿಎಂಸಿ ಲಡಿಗಳಲ್ಲಿ 8 ಮೀಟರ್ ದಾರವಿದ್ದು, ಅದರಲ್ಲಿ ಬಿಡಿಸಬಹುದಾದ ಆರು ಎಳೆಗಳಿರುತ್ತವೆ. 14 ಕೌಂಟ್‌ಗೆ ಎರಡು ಎಳೆ ಸಾಕು. ಲಡಿಯ ಮೇಲಿನ ಬಣ್ಣದ ನಂಬರನ್ನು ಬರೆದಿಟ್ಟುಕೊಳ್ಳಿ. ಒಂದು ಕಂಪನಿಯ ನಂಬರ್ ಇನ್ನೊಂದಕ್ಕೆ ಹೊಂದುವುದಿಲ್ಲ.

ಇನ್ನು ಚಿತ್ರದ ಆಯ್ಕೆ. ಇಲ್ಲಿ ನನ್ನ ಅಭಿಪ್ರಾಯ ಗಟ್ಟಿಯಾಗಿದೆ. ಬಟ್ಟೆಯ ಮೇಲೆ ಬಣ್ಣದ ಗುರುತು ಅಚ್ಚಾಗಿ ಬರುವ ಕಿಟ್‌ಗಳು ಸುಲಭವೆನಿಸುತ್ತವೆ, ಆದರೆ ಅವು ಎಣಿಸುವುದನ್ನು ಕಲಿಸುವುದಿಲ್ಲ. ಗೋಡೆಯಗಲದ ರಾಧಾಕೃಷ್ಣರ ಚಿತ್ರವೂ ಈಗ ಬೇಡ. 200 ಚೌಕ ಅಗಲ, 250 ಚೌಕ ಎತ್ತರದ ತುಂಬುಚಿತ್ರ ಎಂದರೆ 50,000 ಹೊಲಿಗೆ. 40ಕ್ಕೆ 40ರೊಳಗಿನ, ನಾಲ್ಕೈದು ಬಣ್ಣದ, ಸುತ್ತ ಖಾಲಿ ಬಟ್ಟೆ ಕಾಣುವ ನಕ್ಷೆ ಆರಿಸಿ. ಮುಗಿಸಿದಾಗ ಅದು ಮೂರು ಇಂಚಿನಷ್ಟೂ ಇರುವುದಿಲ್ಲ. ಇರಲಿ, ಮುಗಿದಿರುತ್ತದಲ್ಲ! ಫೋಟೊವನ್ನು ಕಂಪ್ಯೂಟರಿನಲ್ಲಿ ನಕ್ಷೆಯಾಗಿಸುವ ಆಸೆಯನ್ನೂ ಸದ್ಯಕ್ಕೆ ಮುಂದೂಡಿ. ಅಂಥ ನಕ್ಷೆಯಲ್ಲಿ ಹತ್ತಾರು ಬಣ್ಣಗಳ ಒಂಟಿ ಚೌಕಗಳು ಚೆಲ್ಲಾಡಿರುತ್ತವೆ, ಪ್ರತಿ ಹೊಲಿಗೆಗೂ ದಾರ ಬದಲಿಸಬೇಕು.

ಬಟ್ಟೆಯನ್ನು ಎರಡು ಸಲ ಮಡಚಿ ನಡುಮಧ್ಯ ಗುರುತಿಸಿ, ನಕ್ಷೆಯ ನಡುವಿನಿಂದಲೇ ಆರಂಭಿಸಿ. ನಕ್ಷೆಯಲ್ಲಿ ಹತ್ತು ಚೌಕಕ್ಕೊಂದು ದಪ್ಪ ಗೆರೆ ಇರುತ್ತದೆ. ಬಟ್ಟೆಯ ಮೇಲೂ ಹತ್ತು ಚೌಕಕ್ಕೊಮ್ಮೆ ತೆಳು ಹೊಲಿಗೆ ದಾರದಿಂದ ಉದ್ದ ಟಾಕಾ ಹಾಕಿಕೊಂಡರೆ ಎಣಿಕೆ ಎಲ್ಲಿ ತಪ್ಪಿತೆಂದು ಆ ಕ್ಷಣವೇ ತಿಳಿಯುತ್ತದೆ. ಕೊನೆಗೆ ಅದನ್ನು ಎಳೆದು ತೆಗೆದರಾಯಿತು.

ಗಂಟು ಹಾಕಬಾರದು, ಬಟ್ಟೆ ಬಿಗಿದಾಗ ಅದು ಮುಂಭಾಗಕ್ಕೆ ಉಬ್ಬಿ ಕಾಣುತ್ತದೆ. ಬದಲಿಗೆ ಎರಡು ಮೊಳದ ಒಂದೇ ಎಳೆ ತೆಗೆದು ಅರ್ಧಕ್ಕೆ ಮಡಚಿ. ಎರಡು ತುದಿಗಳನ್ನು ಸೂಜಿಗೆ ಪೋಣಿಸಿ, ಮಡಿಕೆಯ ಕುಣಿಕೆ ಹಿಂದೆ ಉಳಿಯುವಂತೆ ಸೂಜಿಯನ್ನು ಮೇಲೆ ತಂದು, ಓರೆಯಾಗಿ ಕೆಳಗಿಳಿಸಿ, ಆ ಕುಣಿಕೆಯೊಳಗೆ ಹಾಯಿಸಿ ಮೆಲ್ಲಗೆ ಎಳೆಯಿರಿ. ದಾರ ತಾನೇ ಕಚ್ಚಿಕೊಳ್ಳುತ್ತದೆ. ಮುಗಿಸುವಾಗ ಹಿಂಬದಿಯ ನಾಲ್ಕೈದು ಹೊಲಿಗೆಗಳಡಿ ದಾರವನ್ನು ತೂರಿಸಿ ಕತ್ತರಿಸಿ. ಒಂದೇ ಬಣ್ಣದ ಸಾಲಿದ್ದರೆ ಮೊದಲು ಎಡದಿಂದ ಬಲಕ್ಕೆ ಓರೆ ಗೆರೆಗಳನ್ನೆಲ್ಲ ಹಾಕಿ, ಹಿಂದಿರುಗುತ್ತಾ ಅವನ್ನು ಅಡ್ಡ ಹಾಯಿರಿ. ಮೇಲಿನ ಎಳೆ ಎಲ್ಲ ಹೊಲಿಗೆಗಳಲ್ಲೂ ಒಂದೇ ಕಡೆಗೆ ಬಾಗಿರಬೇಕು, ಇದೊಂದು ನಿಯಮ ಮಾತ್ರ ಬಿಡಬೇಡಿ. ದಿಕ್ಕು ಬೆರೆತರೆ ಬೆಳಕು ಬೇರೆ ಬೇರೆಯಾಗಿ ಬಿದ್ದು ಒಂದೇ ಬಣ್ಣ ತೇಪೆ ಹಾಕಿದಂತೆ ತೋರುತ್ತದೆ. ಬಿಳಿ ಬಟ್ಟೆಯ ಖಾಲಿ ಜಾಗದ ಹಿಂದಿನಿಂದ ಗಾಢ ಬಣ್ಣದ ದಾರವನ್ನು ಎಳೆದೊಯ್ಯಬೇಡಿ, ನೆರಳು ಮುಂದೆ ಕಾಣುತ್ತದೆ.

ಈ ಕೆಲಸಕ್ಕೆ ದೊಡ್ಡ ಕುಲವಿದೆ. ಲಂಡನ್ನಿನ ವಿಕ್ಟೋರಿಯಾ ಆಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿ ಜೇನ್ ಬಾಸ್ಟಾಕ್ 1598ರಲ್ಲಿ ಹೊಲಿದ ಮಾದರಿ ಬಟ್ಟೆಯಿದೆ. ಆಲಿಸ್ ಲೀ ಎಂಬ ಮಗು 1596ರ ನವೆಂಬರ್ 23ರ ಮಂಗಳವಾರ ಮಧ್ಯಾಹ್ನ ಹುಟ್ಟಿತೆಂದು ಅದರಲ್ಲಿ ದಾರದಿಂದಲೇ ಬರೆದಿದೆ. ಚೌಕುಳಿ ಹಾಳೆಯ ನಕ್ಷೆಗಳು ಮನೆಮನೆಗೆ ಹರಡಿದ್ದು 19ನೇ ಶತಮಾನದಲ್ಲಿ, ಬರ್ಲಿನ್ನಿನ ಪ್ರಕಾಶಕರು ಅವನ್ನು ಮುದ್ರಿಸಿ ಮಾರತೊಡಗಿದ ಮೇಲೆ. ಪ್ಯಾಲೆಸ್ತೀನಿನ ಹೆಂಗಸರು ಉಡುಪಿನ ಮೇಲೆ ಹಾಕುವ ತತ್ರೀಜ್ ಕಸೂತಿಯ ಜೀವವೂ ಕ್ರಾಸ್ ಸ್ಟಿಚ್ಚೇ. 2021ರಲ್ಲಿ ಯುನೆಸ್ಕೊ ಅದನ್ನು ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು.

ಧಾರವಾಡದ ಕಡೆಯವರಿಗೆ ಇದನ್ನು ಹೇಳಿಕೊಡಬೇಕಾಗಿಯೇ ಇಲ್ಲ. ಗವಂತಿ, ಮುರಗಿ, ನೇಯ್ಗಿ, ಮೆಂತಿ ಎಂಬ ಅಲ್ಲಿನ ಕಸೂತಿಯ ನಾಲ್ಕು ಹೊಲಿಗೆಗಳಲ್ಲಿ ಮೆಂತಿ ಕ್ರಾಸ್ ಸ್ಟಿಚ್ಚೇ. ಆ ಕಸೂತಿ ಹಾಕುವ ಇಳಕಲ್ ಸೀರೆಯಲ್ಲಿ ಚೌಕವೂ ಇಲ್ಲ, ಕಣ್ಣಿಗೆ ಕಾಣುವ ತೂತೂ ಇಲ್ಲ. ಆ ಹೆಣ್ಣುಮಕ್ಕಳು ನೂಲನ್ನೇ ಎಣಿಸಿ ಗೋಪುರ, ತೇರು, ಪಲ್ಲಕ್ಕಿ, ಆನೆ, ತುಳಸಿಕಟ್ಟೆಗಳನ್ನು ತಂದರು, ಅದೂ ಗಂಟಿಲ್ಲದೆ. ಗವಂತಿಯಲ್ಲಂತೂ ಹೋಗುವಾಗ ಬಿಟ್ಟ ಜಾಗವನ್ನು ಬರುವಾಗ ತುಂಬುವುದರಿಂದ ಸೀರೆಯ ಒಳಗೂ ಹೊರಗೂ ಒಂದೇ ಚಿತ್ರ. ಐಡಾದ ಮೇಲೆ ಕೈ ಕುದುರಿದವರು ಮುಂದಿನ ಹೆಜ್ಜೆಯಾಗಿ ಈ ಕಸೂತಿಗೆ ಬರಲಿ ಎಂಬುದು ನನ್ನ ದೊಡ್ಡ ಆಸೆ. ಎಣಿಸುವ ಅಭ್ಯಾಸ ಆಗಿದ್ದರೆ ಅರ್ಧ ವಿದ್ಯೆ ಕೈಗೆ ಬಂದಂತೆ. ನೂಲು ಎಣಿಸಲಾಗದ ದಟ್ಟ ರೇಷ್ಮೆಯ ಮೇಲೆ ಜಾಲರಿ ಬಟ್ಟೆಯನ್ನು ಟಾಕಾ ಹಾಕಿ ಕೂರಿಸಿ, ಅದರ ಮೇಲೆ ಹೊಲಿದು, ಆಮೇಲೆ ಅದರ ಎಳೆಗಳನ್ನು ಒಂದೊಂದಾಗಿ ಎಳೆದು ತೆಗೆಯುವ ಉಪಾಯವೂ ಇದೆ.

ಹೆಸರು ಹೊಲಿಯುವ ಆಸೆಯಿದ್ದವರಿಗೆ ಇಂಗ್ಲಿಷ್ ಅಕ್ಷರದ ನಕ್ಷೆಗಳು ಬೇಕಾದಷ್ಟಿವೆ. ಕನ್ನಡಕ್ಕೆ ಗ್ರಾಫ್ ಪುಸ್ತಕ ತಂದು ನೀವೇ ಮಾಡಿಕೊಳ್ಳುವುದು ಒಳ್ಳೆಯದು. ಏಳು ಚೌಕದ ಎತ್ತರದಲ್ಲಿ ಇಂಗ್ಲಿಷ್ ದೊಡ್ಡಕ್ಷರ ನಿಲ್ಲುತ್ತದೆ. ನಮ್ಮ ದುಂಡು ಅಕ್ಷರಕ್ಕೆ ಅದರ ಎರಡರಷ್ಟಾದರೂ ಕೊಡಿ. ಒತ್ತಕ್ಷರಕ್ಕೆಂದು ಕೆಳಗೆ, ಗುಡಿಸು, ತಲಕಟ್ಟಿಗೆಂದು ಮೇಲೆ ಸಾಲು ಬಿಟ್ಟುಕೊಳ್ಳಿ. ಬಾಗು ಒರಟೆನಿಸಿದ ಕಡೆ ಹೊರಗೆರೆಗೆ ಒಂದೇ ಎಳೆಯ ಬ್ಯಾಕ್ ಸ್ಟಿಚ್ ಹಾಕಿದರೆ ನಯವಾಗುತ್ತದೆ.

ಮುಗಿದ ಬಟ್ಟೆಯನ್ನು ತಣ್ಣೀರಿನಲ್ಲಿ ಸೌಮ್ಯ ಸೋಪಿನಿಂದ ತೊಳೆದು, ಹಿಂಡದೆ, ಒಣ ಟವೆಲಿನಲ್ಲಿ ಸುತ್ತಿ ಒತ್ತಿ. ಕೆಂಪು ಬಣ್ಣ ಬಿಟ್ಟರೆ ಒಣಗಲು ಬಿಡದೆ ನೀರು ತಿಳಿಯಾಗುವವರೆಗೂ ಜಾಲಿಸುತ್ತಲೇ ಇರಿ. ಬಟ್ಟೆಯನ್ನು ಟವೆಲಿನ ಮೇಲೆ ಮಗುಚಿ ಹಾಸಿ, ಹಿಂಬದಿಯಿಂದಲೇ ಇಸ್ತ್ರಿ ಮಾಡಿ. ಮುಂಬದಿಗೆ ಇಸ್ತ್ರಿ ತಾಕಿದರೆ ಹೊಲಿಗೆಗಳು ಚಪ್ಪಟೆಯಾಗುತ್ತವೆ.