ಗಂಟೆ ಬಾರಿಸಿದ ಮೇಲೂ ಒಂದು ಗಂಟೆ

ಈಚಿನ ವರ್ಷಗಳಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷೆ ಬೆಳಿಗ್ಗೆ 10ಕ್ಕೆ ಶುರುವಾಗಿ ಮಧ್ಯಾಹ್ನ 1.15ಕ್ಕೆ ಮುಗಿಯುತ್ತದೆ. ಆಮೇಲೂ ಕೆಲವು ಮಕ್ಕಳು ಬರೆಯುತ್ತಿರಬೇಕು. ಕಣ್ಣು ಮಂಜಾದವರು, ಕೈ ಹಿಡಿತಕ್ಕೆ ಸಿಗದವರು, ಡಿಸ್ಲೆಕ್ಸಿಯಾ ಇರುವವರು. ಗಂಟೆಗೆ 20 ನಿಮಿಷ ಹೆಚ್ಚು ಎನ್ನುವುದು ಕೇಂದ್ರದ 2018ರ ಮಾರ್ಗಸೂಚಿಯ ಲೆಕ್ಕ. ಪ್ರಶ್ನೆಪತ್ರಿಕೆ ಓದುವ ಸಮಯ ಬಿಟ್ಟು ಮೂರು ಗಂಟೆಯ ಪತ್ರಿಕೆಗೆ ಒಂದು ಗಂಟೆ.

ಇದು ದಯೆಯಲ್ಲ, ಹಕ್ಕು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 17ನೇ ಸೆಕ್ಷನ್ ಹೆಚ್ಚುವರಿ ಸಮಯವನ್ನೂ ಸ್ಕ್ರೈಬ್ (ಹೇಳಿದ್ದನ್ನು ಬರೆದುಕೊಡುವವರು) ಸೌಲಭ್ಯವನ್ನೂ ಹೆಸರಿಸಿಯೇ ಹೇಳುತ್ತದೆ.

ಆದರೆ ಈ ಹಕ್ಕು ಉಳಿಯುವುದೂ ಅಳಿಯುವುದೂ ಪರೀಕ್ಷಾ ಕೊಠಡಿಯಲ್ಲಿ. 2021ರ ನೀಟ್‌ನಲ್ಲಿ ಬರವಣಿಗೆಯ ನ್ಯೂನತೆಯಾದ ಡಿಸ್‌ಗ್ರಾಫಿಯಾ ಇದ್ದ ವಿದ್ಯಾರ್ಥಿನಿಯೊಬ್ಬಳಿಗೆ ಹೆಚ್ಚುವರಿ ಗಂಟೆ ಕೊಡದೆ ಉತ್ತರ ಪತ್ರಿಕೆ ತೆಗೆದುಕೊಂಡರು. ಅನ್ಯಾಯವಾಗಿದೆ ಎಂದು ಸುಪ್ರೀಂ ಕೋರ್ಟ್ ಅದೇ ವರ್ಷದ ನವೆಂಬರ್‌ನಲ್ಲಿ ಒಪ್ಪಿತು, ಪರಿಹಾರ ಯೋಚಿಸಿ ಎಂದು ಪರೀಕ್ಷಾ ಸಂಸ್ಥೆಗೆ ಹೇಳಿತು. ಮರುಪರೀಕ್ಷೆ ಮಾತ್ರ ಸಿಗಲಿಲ್ಲ. ಕಳೆದ ಗಂಟೆಯನ್ನು ಕೋರ್ಟೂ ವಾಪಸ್ ಕೊಡಲಾರದು. ಅದಕ್ಕೇ ಕೊಠಡಿ ಮೇಲ್ವಿಚಾರಕರಿಗೆ ಮೊದಲೇ ತಿಳಿದಿರಬೇಕು.

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ತಾಲ್ಲೂಕುಗಳ ಯಾವುದೇ ಕೇಂದ್ರವನ್ನು ನೆನೆದುಕೊಳ್ಳಿ. 1.15ಕ್ಕೆ ಬೆಂಚುಗಳು ಖಾಲಿ. ಉತ್ತರ ಪತ್ರಿಕೆಗಳನ್ನು ಎಣಿಸಿ, ಬಂಡಲ್ ಕಟ್ಟಿ, ಸೀಲ್ ಹಾಕುವ ಅವಸರ. ಒಂದು ಮಗುವಿಗಾಗಿ ಮೇಲ್ವಿಚಾರಕರೊಬ್ಬರು ಇನ್ನೊಂದು ಗಂಟೆ ಕೂರಬೇಕು. ಊಟವಾಗದೆ, ಬಸ್ಸು ತಪ್ಪಿಸಿಕೊಂಡು. ಅವರು ಗಡಿಯಾರ ನೋಡಿದರೂ ಸಾಕು, ಮಗು ಪೆನ್ನು ಕೆಳಗಿಡುತ್ತದೆ. ಆ ಮೇಲ್ವಿಚಾರಕರನ್ನು ಪ್ರತ್ಯೇಕವಾಗಿ ನೇಮಿಸಿ, ಊಟದ ವ್ಯವಸ್ಥೆ ಮಾಡಿ, ನೆಲ ಅಂತಸ್ತಿನಲ್ಲಿ ಬೇರೆ ಕೊಠಡಿ ಕೊಡುವುದು ದೊಡ್ಡ ಖರ್ಚಿನ ಮಾತೇನಲ್ಲ.

ಸ್ಕ್ರೈಬ್ ವಿಷಯವೂ ಹಾಗೆಯೇ. ಎರಡು ದಿನ ಮೊದಲೇ ಅಭ್ಯರ್ಥಿ ಅವರನ್ನು ಭೇಟಿಯಾಗುವ ಅವಕಾಶವಿರಬೇಕು ಎಂದು 2018ರ ಮಾರ್ಗಸೂಚಿ ಹೇಳಿತ್ತು. ತನ್ನ ಉಚ್ಚಾರ ಅರ್ಥವಾಗದ ಅಪರಿಚಿತರ ಪಕ್ಕ ಕೂತು ಗಣಿತದ ಪ್ರಮೇಯ ಹೇಳಿ ಬರೆಸುವ ಮಗುವಿನ ಪಾಡು ಯೋಚಿಸಿ.

ಅದಕ್ಕೂ ಮೊದಲು ಕಾಗದಪತ್ರದ ದಾರಿ ಇದೆ. ಕೈಕಾಲು, ಕಣ್ಣಿನ ತೊಂದರೆ ಕಾಣುತ್ತದೆ, ಪ್ರಮಾಣಪತ್ರ ಸಿಗುತ್ತದೆ. ಕಲಿಕಾ ನ್ಯೂನತೆ ಕಾಣುವುದಿಲ್ಲ. ‘ದಡ್ಡ’ ಎಂಬ ಬೈಗುಳದಲ್ಲೇ ಹತ್ತನೇ ತರಗತಿವರೆಗೆ ಬಂದ ಮಗುವನ್ನು ಬೆಂಗಳೂರಿನ ನಿಮ್ಹಾನ್ಸ್‌ಗೋ ಮೈಸೂರಿನ ವಾಕ್ ಶ್ರವಣ ಸಂಸ್ಥೆಗೋ ಕರೆದೊಯ್ಯಬೇಕೆಂದು, ಕೂಲಿ ಬಿಟ್ಟು ಹೋಗಬೇಕಾದ ತಂದೆತಾಯಿಗೆ ಯಾರು ಹೇಳಿದ್ದಾರೆ?

ನಿಮ್ಮ ಮನೆಯಲ್ಲೋ ಬೀದಿಯಲ್ಲೋ ಅಂಥ ಮಗುವಿದ್ದರೆ ಮಾರ್ಚ್‌ವರೆಗೆ ಕಾಯಬೇಡಿ. ಪರೀಕ್ಷೆಗೆ ನೋಂದಾಯಿಸುವ ಹೊತ್ತಿಗೇ ಮುಖ್ಯ ಶಿಕ್ಷಕರ ಬಳಿ ಹೋಗಿ, ಹೆಚ್ಚುವರಿ ಸಮಯಕ್ಕೆ ಲಿಖಿತವಾಗಿ ಅರ್ಜಿ ಕೊಡಿ, ಅದರ ಪ್ರತಿಯನ್ನು ಜೋಪಾನವಾಗಿಟ್ಟುಕೊಳ್ಳಿ.